ಟ್ರೇಯೊಳಗಿನ ಕಡಲ್ಕೊರೆತ

ಶಕುನ, ಮುನ್ಸೂಚನೆ ಎಂದೆಲ್ಲ ಯಾರಾದರೂ ಹೇಳಿದರೆ ಎದುರಿಗೇ ನಕ್ಕುಬಿಡುತ್ತಿದ್ದವಳು ನಾನು. ಈಗ ನೀವು ನಕ್ಕರೂ ನನಗೆ ಬೇಸರವಿಲ್ಲ.

ಎರಡು ವರ್ಷದ ಹಿಂದೆ, ಬೇಸಿಗೆ ರಜೆಗೆ ಮುಂಚೆ. ಕುವೈತಿನ ಅಬ್ಬಾಸಿಯಾದಲ್ಲಿ ನಮ್ಮ ಫ್ಲ್ಯಾಟು. ಏಳನೇ ಕ್ಲಾಸಿನ ಮಗಳು ದಿಯಾಳಿಗೆ ಶಾಲೆಯಲ್ಲಿ ಪ್ರಾಜೆಕ್ಟ್ ಕೊಟ್ಟಿದ್ದರು. ಉತ್ತರ ಧ್ರುವದ ಕಡೆಯ ಕರಾವಳಿ ಹೇಗೆ ಕುಸಿಯುತ್ತಿದೆ ಎಂದು ಮಾದರಿ ಮಾಡಿ ತೋರಿಸಬೇಕಿತ್ತು. ಅಲ್ಲಿ ನೆಲವೇ ಹೆಪ್ಪುಗಟ್ಟಿರುತ್ತದೆ ಎಂದು ನಾನು ವಿವರಿಸಿದರೆ, "ಲೈಕ್ ಕರ್ಡ್, ಮಮ್ಮಿ?" ಎಂದಳು. ಹೆಪ್ಪು ಎಂದರೆ ಅವಳಿಗೆ ಗೊತ್ತಿದ್ದದ್ದು ಮೊಸರಿನದೊಂದೇ. ಮಣ್ಣನ್ನು ಅಲ್ಲಿ ಹಿಡಿದಿಟ್ಟಿರುವುದು ಮಂಜುಗಡ್ಡೆ. ಅದು ಕರಗಿದರೆ ನೆಲ ಸಡಿಲ, ಏರುತ್ತಿರುವ ಕಡಲಿಗೆ ಸಲೀಸು.

ಎಗೈಲಾ ಕಡೆಯ ಬೀಚಿನಿಂದ ಮರಳು ತಂದು, ನೀರು ಬೆರೆಸಿ, ಟ್ರೇಯಲ್ಲಿ ದಂಡೆಯಂತೆ ತಟ್ಟಿ ಫ್ರೀಜರಿನಲ್ಲಿಟ್ಟೆವು. ಶುಕ್ರವಾರ ರಜೆಯ ದಿನ ಹೊರತೆಗೆದೆವು. ಹೊರಗೆ ಧೂಳೆದ್ದು ಕಿಟಕಿಯೆಲ್ಲ ಅರಿಶಿನ ಬಣ್ಣ. ಏಸಿಯ ಸದ್ದಿಗೆ ನನಗೆ ಅರೆನಿದ್ದೆ. ದಿಯಾ ದಂಡೆಯ ಅಂಚಿಗೆ ಬೆಂಕಿಪೊಟ್ಟಣವೊಂದನ್ನಿಟ್ಟು "ಮಾಮಾಸ್ ಹೌಸ್" ಎಂದಳು. ಮಂಗಳೂರು ಕಡೆಯ ನಮ್ಮೂರಲ್ಲಿ ಅಣ್ಣನ ಮನೆ ಕಡಲಿಗೆ ಅಷ್ಟೇ ಹತ್ತಿರ. ಎದುರಿನ ತೆಂಗಿನ ಸಾಲು ಆಗಲೇ ನೀರುಪಾಲಾಗಿತ್ತು. ಮನೆ ಬಿಡು ಎಂದು ನಾನು ಎಷ್ಟು ಗೋಗರೆದರೂ ಅವನು ಕಿವಿಗೆ ಹಾಕಿಕೊಂಡಿರಲಿಲ್ಲ.

ಎರಡು ಲೋಟ ಉಪ್ಪುನೀರು ಹೊಯ್ದರೂ ದಂಡೆ ಜಗ್ಗಲಿಲ್ಲ. ಮೂರನೆಯದನ್ನು ಬಿಸಿ ಮಾಡಿ ನಾನೇ ಹೊಯ್ದೆ. ನೀರು ಅಡಿಯಿಂದ ಕೊರೆಯತೊಡಗಿತು, ಮೇಲಿನದು ಹಾಗೇ ನಿಂತಿತ್ತು. ಆಗ ಟ್ರೇಯೊಳಗಿಂದ ಅಣ್ಣನ ಕೆಮ್ಮು ಕೇಳಿಸಿತು. ಸಿಗರೇಟಿನ ಅದೇ ಒಣ ಕೆಮ್ಮು, ಎರಡು ಸಲ. ದಿಯಾಳಿಗೆ ಕೇಳಿಸಲಿಲ್ಲ.

ಕೂಡಲೇ ಅಣ್ಣನಿಗೆ ಫೋನ್ ಮಾಡಿದೆ. ಇಲ್ಲಿ ಹನ್ನೊಂದೂವರೆ, ಅಲ್ಲಿ ಎರಡು. ಅವನು ಉಂಡು ಕಡಲ ಬದಿಯ ಕೋಣೆಯಲ್ಲಿ ಮಲಗುವ ಹೊತ್ತು. ಆ ಕೋಣೆಯಲ್ಲಿ ಸಿಗ್ನಲ್ ಕಮ್ಮಿ, ರಿಂಗಾಗುತ್ತದೆ, ಮಾತು ಕೇಳಿಸುವುದಿಲ್ಲ. ಮಾತಾಡಲು ಅಂಗಳಕ್ಕೇ ಬರಬೇಕು. ಬಂದ.

"ಎಂತ ಮಾರಾಯ್ತಿ, ಒಂದು ಗಳಿಗೆ ಮಲಗ್ಲಿಕ್ಕೂ ಬಿಡುದಿಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಫೋನಿನಲ್ಲಿ ಧಡ್ಡೆಂದು ಸದ್ದಾಯಿತು. ಅದೇ ಕ್ಷಣ ಟ್ರೇಯ ದಂಡೆ ಕುಸಿದು ಬೆಂಕಿಪೊಟ್ಟಣ ನೀರಿಗೆ ಬಿತ್ತು, ದಿಯಾ "ಮಮ್ಮಿ, ಇಟ್ಸ್ ಗಾನ್!" ಎಂದು ಚಪ್ಪಾಳೆ ತಟ್ಟಿದಳು. ಊರಿನಲ್ಲಿ ಆ ಕೋಣೆ, ಅಣ್ಣನ ಮಂಚ ಸಮೇತ, ಕಡಲು ಸೇರಿತ್ತು.

ಅಣ್ಣ ಈಗ ಪೇಟೆಯ ಬಾಡಿಗೆ ಮನೆಯಲ್ಲಿದ್ದಾನೆ. ತಂಗಿಯೇ ಜೀವ ಉಳಿಸಿದ್ದು ಎಂದು ಬಂದವರಿಗೆಲ್ಲ ಹೇಳುತ್ತಾನಂತೆ. "ನಿಂಗೆ ಹೇಗೆ ಗೊತ್ತಾಯ್ತು?" ಎಂದು ಪ್ರತಿ ಸಲ ಕೇಳುತ್ತಾನೆ. ಕೆಮ್ಮಿನ ಸಂಗತಿ ಹೇಳಿದ್ದೇನೆ. ಬಿಸಿನೀರು ಹೊಯ್ದದ್ದನ್ನು ಹೇಳಲು ಇನ್ನೂ ಧೈರ್ಯ ಬಂದಿಲ್ಲ.