ಹಿಂದಕ್ಕೆ ಸರಿಯುವ ಸೀಟು

ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅವನನ್ನು ಏಣಿ ಎಂದು ಕರೆಯುತ್ತಿದ್ದರು. ಅಷ್ಟು ಉದ್ದ. ಕಾರು ಹತ್ತುತ್ತಿದ್ದ ಅನ್ನುವುದಕ್ಕಿಂತ ಮೈ ಮಡಚಿಕೊಂಡು ಒಳಗೆ ತೂರುತ್ತಿದ್ದ ಅನ್ನಬೇಕು. ಹೆಂಡತಿ ಅವನ ಭುಜಕ್ಕೂ ಬರುತ್ತಿರಲಿಲ್ಲ. ಇಬ್ಬರೂ ಜೊತೆಯಲ್ಲಿ ನಡೆದರೆ ಏಣಿ ಪಕ್ಕ ಬಕೆಟ್ಟು ಇಟ್ಟ ಹಾಗಿದೆ ಎಂದು ಸ್ಟ್ಯಾಂಡಿನವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ಅವನು ಕೊನೆಗೆ ಓಡಿಸಿದ್ದು ಬ್ಯಾಟರಿ ಕಾರು. ಫೋನಿಗೆ ಬರುವ ಹಾಗೆ ಅದಕ್ಕೂ ಕಂಪನಿಯಿಂದ ಗಾಳಿಯಲ್ಲೇ ಅಪ್‌ಡೇಟ್ ಬರುತ್ತಿತ್ತು. ಮೊದಮೊದಲು ಅವನಿಗೆ ಅದೆಂದರೆ ಬಲು ಖುಷಿ. ಒಂದು ಅಪ್‌ಡೇಟ್ ಆದ ಮೇಲೆ ಒದ್ದೆ ರಸ್ತೆಯಲ್ಲೂ ಕಾರು ಜಾರದೆ ನಿಲ್ಲುತ್ತಿತ್ತು. ಇನ್ನೊಂದು ಆದ ಮೇಲೆ ಅವನ ಫೋನ್ ಹತ್ತಿರ ಬಂದರೆ ಸಾಕು, ಸೀಟು ತಾನಾಗಿ ಅವನ ಅಳತೆಗೆ ಸರಿಯುತ್ತಿತ್ತು. ಗ್ಯಾರೇಜಿಗೆ ಅಲೆಯುವುದು ತಪ್ಪಿತು ಎಂದು ಹೇಳಿ ಹೇಳಿ ಹೆಂಡತಿಯ ತಲೆ ತಿಂದಿದ್ದ.

ಒಂದು ಸಲ ರೈಲಿಗೆ ಹೊರಟ ಗಂಡಹೆಂಡಿರಿಗಾಗಿ ಅವರ ಮನೆ ಮುಂದೆ ಕಾಯುತ್ತಿದ್ದ. ಅವರು ಬರುವಷ್ಟರಲ್ಲಿ ಮುಗಿದೀತು ಎಂದು ಅಪ್‌ಡೇಟ್ ಒತ್ತಿದ. ಅದು ಅರ್ಧಕ್ಕೆ ನಿಂತಿತು. ಪರದೆ ಕಪ್ಪಾಯಿತು, ಕಾರು ಹೆಣದ ಹಾಗೆ ಬಿದ್ದಿತು. ಅವರು ಬೈದುಕೊಂಡು ಬೇರೆ ಕಾರು ಹಿಡಿದರು. ಮರುದಿನ ಕಾರು ಎದ್ದಿತು, ಆದರೆ ಬ್ರೇಕ್ ಹಿಡಿಯುವ ರೀತಿಯೇ ಬೇರೆಯಾಗಿತ್ತು.

"ಮಲಗಿದ್ದಾಗ ಯಾರೋ ಬಂದು ಅಡುಗೆಮನೆ ಡಬ್ಬಿಗಳನ್ನೆಲ್ಲ ಆಚೀಚೆ ಇಟ್ಟು ಹೋದ ಹಾಗೆ ಕಣೆ," ಅಂದ. ಅಲ್ಲಿಂದ ಮುಂದೆ ಅಪ್‌ಡೇಟ್ ಬಂದಾಗಲೆಲ್ಲ 'ಆಮೇಲೆ' ಎಂದಿರುವುದನ್ನೇ ಒತ್ತುತ್ತಿದ್ದ.

ಒಂದು ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದವನು ಮತ್ತೆ ಏಳಲಿಲ್ಲ.

ಕಾರೂ ಟ್ಯಾಕ್ಸಿ ಕೆಲಸವೂ ಮಗಳ ಕೈಗೆ ಬಂದವು. ಅವಳು ತಾಯಿಯಷ್ಟೇ ಕುಳ್ಳಿ. ಅಪ್ಪನ ಫೋನ್ ಬೀರುವಿನಲ್ಲಿಡು, ನೋಡಿದಷ್ಟೂ ಅಳು ಬರುತ್ತದೆ ಎಂದು ತಾಯಿಗೆ ಹೇಳಿದ್ದಳು. ತಾಯಿ ಹೂಂ ಅಂದಳು, ಅದನ್ನು ಕೈಚೀಲದ ತಳದಲ್ಲಿಟ್ಟುಕೊಂಡಳು. ಚಾರ್ಜ್ ತಪ್ಪಿಸಲಿಲ್ಲ. ಅದರಲ್ಲಿ ಕಾರಿನ ಅಪ್‌ಡೇಟ್ ಬಂದಾಗಲೆಲ್ಲ ಅವನ ಹಾಗೆ ತಾನೂ 'ಆಮೇಲೆ' ಒತ್ತುತ್ತಿದ್ದಳು.

ಮೊದಲ ಸಲ ಅದು ಆದದ್ದು ಮಾರ್ಕೆಟ್ಟಿಗೆ ಹೊರಟಾಗ. ತಾಯಿ ಹತ್ತಿ ಪಕ್ಕದಲ್ಲಿ ಕೂತಳು. ಮಗಳ ಸೀಟು ಮೆಲ್ಲಗೆ ಹಿಂದಕ್ಕೆ ಸರಿಯಿತು, ಕೊನೆಯವರೆಗೂ. ಕನ್ನಡಿ ತಲೆಯೆತ್ತಿತು. ಉದ್ದ ಕಾಲಿನವರಿಗೆ ಜಾಗ ಮಾಡಿಕೊಟ್ಟ ಹಾಗೆ. ಮಗಳು ಕಾರನ್ನು ಬೈದು ಸೀಟು ಮುಂದಕ್ಕೆ ತಂದುಕೊಂಡಳು. ತಾಯಿಗೆ ಹೆದರಿಕೆ ಆಗಬೇಕಿತ್ತು, ಆಗಲಿಲ್ಲ. ಅವರೇ ಬಂದಿದ್ದಾರೆ ಅಂದುಕೊಂಡಳು.

ಆಮೇಲಾಮೇಲೆ ಕೆಲಸ ಇರಲಿ ಬಿಡಲಿ, ನಾನೂ ಬರುತ್ತೇನೆ ಎಂದು ಹೊರಟು ನಿಲ್ಲುತ್ತಿದ್ದಳು. ಮಗಳು ಒಬ್ಬಳೇ ಇದ್ದಾಗ ಸೀಟು ಅಲ್ಲಾಡುತ್ತಿರಲಿಲ್ಲ. ನನ್ನನ್ನು ನೋಡಲೆಂದೇ ಬರುತ್ತಾರೆ ಎಂದು ಒಳಗೊಳಗೇ ಬೀಗಿದಳು.

ಒಂದು ಮಧ್ಯಾಹ್ನ ಮಗಳು ಇಳಿಜಾರಿನಲ್ಲಿ ಬ್ರೇಕ್ ಒತ್ತಿ ಹಿಡಿದು ಕಾಯುತ್ತಿದ್ದಳು. ತಾಯಿ ಟೈಲರ್ ಅಂಗಡಿಯಿಂದ ಬಂದು ಹತ್ತಿದಳು. ಸೀಟು ಹಿಂದೆ ಹೋಯಿತು. ಮಗಳ ಕಾಲು ಬ್ರೇಕಿನಿಂದ ಜಾರಿತು. ಕಾರು ಮುಂದಕ್ಕೆ ಉರುಳತೊಡಗಿತು. ಮುಂದೆ ಒಬ್ಬ ಹೆಂಗಸು ಮಗು ಎತ್ತಿಕೊಂಡು ರಸ್ತೆ ದಾಟುತ್ತಿದ್ದಳು. ಮಗಳು ಸ್ಟೀರಿಂಗ್ ತಿರುಗಿಸಿದಳು. ಕಾರು ಕಂಬಕ್ಕೆ ಗುದ್ದಿತು. ದೀಪ ಒಡೆಯಿತು, ಮಗಳ ತುಟಿಯೂ ಒಡೆಯಿತು.

ಸರ್ವಿಸ್ ಸೆಂಟರಿನ ಹೆಂಗಸು ಕಾರಿಗೆ ವೈರು ಸಿಕ್ಕಿಸಿ ನೋಡಿದಳು. ಬೇರೆ ಯಾರಾದರೂ ಓಡಿಸುತ್ತಾರಾ ಎಂದು ಕೇಳಿದಳು. ನಾನು, ನಮ್ಮಮ್ಮ, ಇಬ್ಬರೇ ಇರೋದು ಅಂದಳು ಮಗಳು.

"ಕಾರು ಹಾಗನ್ನಲ್ವಲ್ಲ. ಹಳೇ ಡ್ರೈವರ್ ದಿನಾ ಬರ್ತಿದ್ದಾರೆ."

ತಾಯಿ ಚೀಲಕ್ಕೆ ಕೈ ಹಾಕಿ ಫೋನ್ ತೆಗೆದು ಮೇಜಿನ ಮೇಲಿಟ್ಟಳು. ಮಗಳು ಫೋನ್ ನೋಡಿದಳು, ಅಮ್ಮನ ಮುಖ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಸೀಟಿನ ಈ ಕಾಟ ಬೇರೆಯವರಿಗೂ ಆಗಿದೆ, ಅದನ್ನು ತಡೆಯುವ ಅಪ್‌ಡೇಟ್ ಬಂದು ಬಹಳ ದಿನವಾಯಿತು, ನೀವೇ ಹಾಕಿಕೊಂಡಿಲ್ಲ ಎಂದಳು ಆ ಹೆಂಗಸು. ಹಾಕಿದರೆ ಹಳೆಯ ಡ್ರೈವರನ ಗುರುತೆಲ್ಲ ಅಳಿಸಿಹೋಗುತ್ತದೆ. ಇನ್ನೂ ಏನೇನು ಬದಲಾಗುತ್ತದೋ, ಎಲ್ಲವನ್ನೂ ನಮಗೂ ಹೇಳುವುದಿಲ್ಲ ಎಂದಳು.

"ಫೋನ್ ಮನೇಲಿ ಬಿಟ್ಟು ಬಂದ್ರೆ ಸಾಲಲ್ವಾ?" ತಾಯಿ ಕೇಳಿದಳು.

"ಸಾಲತ್ತೆ. ಬಿಟ್ಟು ಬರ್ತೀರಾ?"

ತಾನು ಬಿಟ್ಟು ಬರುವವಳಲ್ಲ ಎಂದು ತಾಯಿಗೇ ಗೊತ್ತಿತ್ತು. ಮಗಳ ತುಟಿಯ ಮೇಲೆ ರಕ್ತ ಕಪ್ಪಾಗಿ ಒಣಗಿತ್ತು.

ಒಪ್ಪಿಗೆ ಅವನ ಫೋನಿನಿಂದಲೇ ಆಗಬೇಕಿತ್ತು. ತಾಯಿ ಅಕ್ಷರ ಕೂಡಿಸಿಕೊಂಡು ಓದಿದಳು. ಬೆರಳು ಮುಂದೆ ಹೋಗಲಿಲ್ಲ.

"ಅಮ್ಮ, ನಾನು ಒತ್ತಲಾ?"

"ಬೇಡ. ಬರ್ತಿದ್ದದ್ದು ನನ್ನ ನೋಡೋಕೆ. ನಾನೇ ಕಳಿಸಿಕೊಡ್ತೀನಿ."

ಒತ್ತಿದಳು. ಕಾರು ದೀಪ ಆರಿಸಿಕೊಂಡು ಕೂತಿತು. ಅದು ಮತ್ತೆ ಎದ್ದ ಮೇಲೆ ತಾಯಿ ಫೋನನ್ನು ಮಡಿಲಲ್ಲಿಟ್ಟುಕೊಂಡು ಹತ್ತಿದಳು. ಮಗಳ ಸೀಟು ಇದ್ದಲ್ಲೇ ಇತ್ತು. ದಾರಿಯುದ್ದಕ್ಕೂ ತಾಯಿ ಆ ಸೀಟಿನ ಕಡೆ ತಿರುಗಲಿಲ್ಲ.

ಮಾರನೆಯ ದಿನ ಮಗಳು ಒಬ್ಬಳೇ ದುಡಿಯಲು ಹೋದಳು. ಸಂಜೆ ತಾಯಿ ಅಡುಗೆಮನೆಯಲ್ಲಿ ಕಿವಿಗೊಟ್ಟು ಕೂತಳು. ಓಣಿಗೆ ತಿರುಗುವಾಗ ಕಾರು ಜೇನ್ನೊಣದಂತೆ ಗುಂಯ್ ಅನ್ನುತ್ತಿತ್ತು, ಆ ಸದ್ದು ಕೇಳಿಯೇ ಅವಳು ಇಷ್ಟು ವರ್ಷ ಒಲೆ ಹಚ್ಚುತ್ತಿದ್ದಳು. ಆ ಸದ್ದು ಬರಲಿಲ್ಲ. ಕತ್ತಲಾಯಿತು. ಕಂಬ, ಮಗು, ಮಗಳ ತುಟಿ ಎಲ್ಲ ಕಣ್ಣೆದುರು ಬಂತು. ಯಾರೋ ಬಾಗಿಲು ಬಡಿದರು.

"ಅಮ್ಮ, ನಾನೇ."

ಬಾಗಿಲು ತೆಗೆದಳು. ಕಾರಿನ ಸದ್ದೂ ಬದಲಾಗಿದೆ, ನನಗೇ ಗುರುತು ಸಿಗಲಿಲ್ಲ ಎಂದಳು ಮಗಳು.

"ಬ್ರೇಕು?"

"ಚೆನ್ನಾಗಿ ಹಿಡೀತಿದೆ."

ತಾಯಿ ಮಗಳ ಕೈ ಹಿಡಿದು ಒಳಗೆ ಕರೆದುಕೊಂಡಳು. ಈಗ ಸಂಜೆಯಾದರೆ ಅವಳು ಕಿಟಕಿಯಲ್ಲಿ ಕೂರುತ್ತಾಳೆ. ಕಿವಿಯನ್ನು ನಂಬುವ ಹಾಗಿಲ್ಲ.