ಷರಾ ಕಾಲಮ್ಮಿಗೆ ಹಿಡಿಸದ ಕಬ್ಬಿನ ಗಾಡಿ

ನಮ್ಮ ಶಾಲೆಯಲ್ಲಿ ಪ್ರಗತಿಪತ್ರದ ಷರಾವನ್ನು ಮೊದಲು ಪೆನ್ಸಿಲಿನಲ್ಲಿ ಬರೆಯಬೇಕು. ಹೆಡ್‌ಮಿಸ್ ಓದಿ ಒಪ್ಪಿದ ಮೇಲೆ ಇಂಕು. ಆ ಸಲ ಎಂಟನೇ ತರಗತಿಯ ಕಾರ್ಡುಗಳೆಲ್ಲ ಮುಗಿದು ಒಬ್ಬಳು ಹುಡುಗಿಯದು ಮಾತ್ರ ಉಳಿದಿತ್ತು. ಬರೆದು ಅಳಿಸಿ, ಬರೆದು ಅಳಿಸಿ ಆ ಕಾಲಂ ಬೂದುಬಣ್ಣಕ್ಕೆ ತಿರುಗಿತ್ತು.

ಹಿಂದಿನ ಸಂಜೆ ನಾನು ಸ್ಕೂಟರಿನಲ್ಲಿ ಮದ್ದೂರಿಗೆ ಹೊರಟಿದ್ದೆ. ಮುಂದೆ ಎರಡು ಟ್ರೈಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರೊಂದು ನಿಧಾನವಾಗಿ ದಿಬ್ಬ ಹತ್ತುತ್ತಿತ್ತು. ನಮ್ಮ ಕಡೆ ಮಕ್ಕಳು ಗಾಡಿಯ ಹಿಂದೆ ಓಡಿ ಜಲ್ಲೆ ಎಳೆಯುವುದು ಹೊಸದಲ್ಲ. ಗಾಡಿಯವರು ಬೈಯುತ್ತಾರೆ, ದೊಡ್ಡವರು ನಗುತ್ತಾರೆ. ಎತ್ತಿನ ಗಾಡಿಯ ಕಾಲದಿಂದ ಬಂದ ರೂಢಿ ಅದು. ಆದರೆ ಕಾರ್ಡು ಉಳಿದಿದ್ದ ಈ ಹುಡುಗಿ, ಅಂದು ಗಾಡಿಯ ಜೊತೆ ಓಡುತ್ತಿದ್ದವಳು, ಹಿಂದಿನಿಂದ ಎಳೆಯಲಿಲ್ಲ. ಪಕ್ಕದಿಂದ ಎರಡು ಟ್ರೈಲರುಗಳ ನಡುವಿನ ಸಂದಿಗೆ ನುಗ್ಗಿ ಮುಂದಿನದಕ್ಕೆ ಕೈ ಹಾಕಿದಳು. ಜಲ್ಲೆ ಬರಲಿಲ್ಲ, ಜಗ್ಗಿದಳು. ಅದು ಕಿತ್ತು ಬಂದ ರಭಸಕ್ಕೆ ರಸ್ತೆಯ ಬದಿಗೆ ಬಿದ್ದಳು. ಹಿಂದಿನ ಟ್ರೈಲರಿನ ಚಕ್ರ ಅವಳ ಜಡೆಯ ಪಕ್ಕದಲ್ಲೇ ಉರುಳಿಹೋಯಿತು. ಚಾಲಕನಿಗೆ ಏನೂ ಗೊತ್ತಾಗಲಿಲ್ಲ.

ನಾನು ಓಡಿಹೋಗುವಷ್ಟರಲ್ಲಿ ಅವಳು ಎದ್ದು ಧೂಳು ಕೊಡವಿಕೊಳ್ಳುತ್ತಿದ್ದಳು. "ಮಿಸ್, ಅಪ್ಪಂಗೆ ಯೋಳ್ಬೇಡಿ ಮಿಸ್."

ಅವಳ ಅಪ್ಪ ಕೂಡ ಕಬ್ಬಿನ ಟ್ರ್ಯಾಕ್ಟರ್ ಓಡಿಸುವವರು. ಹಿಂದಿನ ಪೋಷಕರ ಸಭೆಯಲ್ಲಿ ಎಲ್ಲರೆದುರು ಹೇಳಿದ್ದರು: "ಇನ್ನೊಂದ್ ಸಲ ಕಾರ್ಡಲ್ಲಿ ಕಂಪ್ಲೇಂಟ್ ಬರ್ಲಿ, ಇಸ್ಕೂಲು ಬುಡ್ಸಿ ಮಳವಳ್ಳಿಗೆ ಅವ್ರಜ್ಜಿ ಮನೆಗೆ ಕಳಿಸ್ಬುಡ್ತೀನಿ. ಹಸ ಮೇಯಿಸ್ಕೊಂಡಿರ್ಲಿ." ದೊಡ್ಡ ಮಗಳನ್ನು ಹಾಗೇ ಕಳಿಸಿದ್ದರು. ಬರೆದರೆ ಇವಳ ಶಾಲೆ ತಪ್ಪುತ್ತಿತ್ತು. ಸುಮ್ಮನಿದ್ದರೆ ನಾಳೆ ಇನ್ನೊಂದು ಗಾಡಿ. ಪೆನ್ಸಿಲ್ ಹಿಡಿದಾಗಲೆಲ್ಲ ಕಣ್ಣ ಮುಂದೆ ಚಕ್ರ ಮತ್ತೆ ಉರುಳುತ್ತಿತ್ತು; ಕೆಲವು ಸಲ ಜಡೆಯ ಪಕ್ಕದಲ್ಲಿ ಅಲ್ಲ.

ಕೊನೆಗೆ ಬರೆದೆ: 'ಜೀವದ ಭಯವಿಲ್ಲ. ಹೇಳಿದ ಮಾತು ಕೇಳುವುದಿಲ್ಲ. ಪೋಷಕರು ಕೂಡಲೇ ಗಮನಿಸಬೇಕು.'

ನಡೆದದ್ದನ್ನು ಕೇಳಿದ್ದ ಹೆಡ್‌ಮಿಸ್ ಕನ್ನಡಕ ಏರಿಸಿ ಓದಿದರು. "ಇದು ಅವಳ ಷರಾ ಅಲ್ಲಮ್ಮ, ನಿಮ್ಮ ಗಾಬರಿ."

"ಗಾಬರಿ ಸುಳ್ಳಲ್ಲವಲ್ಲ ಮೇಡಂ."

"ಸುಳ್ಳು ಅಂತ ಯಾರಂದ್ರು? ಇದನ್ನ ಓದಿದ್ರೆ ಅವರಪ್ಪನಿಗೆ ಕೋಲು ತಗೋಬೇಕು ಅಂತ ಗೊತ್ತಾಗುತ್ತೆ, ಇನ್ನೇನೂ ಗೊತ್ತಾಗಲ್ಲ. ಕಾರ್ಡಲ್ಲಿ ಪಾಠದ್ದು ಬರೀರಿ, ಅದೂ ಅವಳು ನಾಳೆಯಿಂದ ಮಾಡಬಹುದಾದ್ದು. ಗಾಡಿ ವಿಷಯ ಎದುರಿಗೆ ಕೂರಿಸಿಕೊಂಡು ಹೇಳಿ."

ಮತ್ತೆ ಅಳಿಸಿ ಬರೆದೆ: 'ಲೆಕ್ಕ ಬೇಗ ಹಿಡಿಯುತ್ತಾಳೆ. ಅವಸರದಲ್ಲಿ ಹಂತಗಳನ್ನು ಬಿಡುತ್ತಾಳೆ. ದಿನಕ್ಕೊಂದು ಲೆಕ್ಕವನ್ನು ಪೂರ್ತಿ ಬಿಡಿಸಿ ತೋರಿಸಲಿ.' ಹೆಡ್‌ಮಿಸ್ ಒಪ್ಪಿದ ಮೇಲೆ ಅದರ ಮೇಲೆ ಇಂಕು ಓಡಿಸಿದೆ.

ಶನಿವಾರ ಅವಳ ಅಪ್ಪ ಬಂದರು. ಸಾಲುಗಳ ಕೆಳಗೆ ಬೆರಳಿಟ್ಟು ಓದಿದರು. "ಇಷ್ಟೇಯಾ? ಬೈದೇ ಇಲ್ವಲ್ಲ ಮೇಡಂ!"

ಕೂರಲು ಹೇಳಿ, ಕಂಡದ್ದನ್ನು ಹೇಳತೊಡಗಿದೆ. ಜಲ್ಲೆ ಎಂದೊಡನೆ ಅವರು ನಕ್ಕರು. "ಜಲ್ಲೆ ಎಳುದ್ಲಾ? ಕಳ್ಳಿ! ನಮ್ಮವ್ವನಂಗೇ ಇವ್ಳು."

"ಹಿಂದಿನಿಂದ ಅಲ್ಲ. ಎರಡು ಟ್ರೈಲರ್ ನಡುವೆ ನುಗ್ಗಿ."

ನಗು ನಿಂತಿತು. "ನಡ್ವೆನಾ?" ಕಾರ್ಡನ್ನು ಮೇಜಿನ ಮೇಲಿಟ್ಟರು. "ಅಲ್ಲಿ ನಮ್ಗೆ ಕಾಣಾಕಿಲ್ಲ ಮೇಡಂ. ಕೂಗುದ್ರೂ ಕೇಳಾಕಿಲ್ಲ."

"ನಿಮಗೆ ಕಾಣಲ್ಲ ಅನ್ನೋದು ಅವಳಿಗೆ ಗೊತ್ತಿಲ್ಲ. ಶಾಲೆ ಬಿಡಿಸಿದ್ರೆ ಅದು ಗೊತ್ತಾಗಲ್ಲ. ಮಳವಳ್ಳಿ ರಸ್ತೇಲೂ ಕಬ್ಬಿನ ಗಾಡಿ ಓಡಾಡುತ್ತಲ್ಲ?"

ಅವರು ಬಾಗಿಲಲ್ಲಿ ನಿಂತಿದ್ದ ಮಗಳನ್ನು ನೋಡಿದರು. "ಬಾಮ್ಮಿ ಇಲ್ಲಿ. ನಾಳೆ ಫ್ಯಾಕ್ಟ್ರಿ ಕ್ಯೂನಲ್ಲಿ ನಮ್ ಗಾಡಿ ನಿಂತಿರ್ತದೆ, ಲೋಡ್ ಸಮೇತ. ನೀನು ನನ್ ಸೀಟಲ್ಲಿ ಕೂತ್ಕೊ. ನಾನು ಸಂದೀಲಿ ನಿಂತ್ಕತೀನಿ. ಕಾಣ್ತೀನಾ ನೋಡು."

"ಮಳವಳ್ಳಿಗೆ ಕಳಿಸ್ತೀಯಾ ಅಪ್ಪ?"

"ಸೋಮ್ವಾರ ಇಸ್ಕೂಲಿಗೋಗು. ಮೇಡಂ ಯೋಳ್ದಂಗೆ ಲೆಕ್ಕ ಮಾಡು." ಕಾರ್ಡಿಗೆ ಸಹಿ ಹಾಕಿ ಎದ್ದರು.

ಈಗಲೂ ಟ್ರ್ಯಾಕ್ಟರಿನ ಸದ್ದು ಕೇಳಿದರೆ ನಾನು ಪಾಠ ನಿಲ್ಲಿಸಿ ಕಿಟಕಿಯತ್ತ ತಿರುಗುತ್ತೇನೆ. ಆ ಸೋಮವಾರ ಹಾಗೆ ತಿರುಗಿದಾಗ ಅವಳೇ ಎದ್ದು ಬಂದು ಲೆಕ್ಕದ ಪುಸ್ತಕ ಮೇಜಿನ ಮೇಲಿಟ್ಟಳು.

"ಕಾಣ್ಲೇ ಇಲ್ಲ ಮಿಸ್" ಎಂದಳು ಮೆಲ್ಲಗೆ. "ಅಪ್ಪ ಇಲ್ವೇನೋ ಅಂತ ಇಳ್ದೋಗಿ ನೋಡುದ್ರೆ, ಅಲ್ಲೇ ನಿಂತ್ಕೊಂಡು ಇನ್ನೂ ಕೈ ಬೀಸ್ತಾನೇ ಇತ್ತು."