ಹುಳಕ್ಕೆ ಬಿಟ್ಟ ಮಾತು

ನಮ್ಮತ್ತೆಯ ಬಾಯಿಂದ ಒಂದು ನೆಟ್ಟಗಿನ ಉತ್ತರ ಹೊರಡಿಸೋದು ಅಂದ್ರೆ ಸಾಕುಸಾಕಾಗಿ ಹೋಗುತ್ತೆ. 'ಮಗೂಗೆ ಜ್ವರ ಇದೆಯಾ ಅತ್ತೆ?' ಅಂತ ಕೇಳಿದ್ರೆ 'ಒಸಿ ಮೈ ಬೆಚ್ಚಗೈತೆ' ಅನ್ನೋರು. ಒಸಿ ಅಂದ್ರೆ ಎಷ್ಟು? ಬೆಚ್ಚಗೆ ಅಂದ್ರೆ ಜ್ವರಾನೋ, ಬಿಸಿಲಲ್ಲಿ ಆಡಿಬಂದ ಬಿಸೀನೋ? ನಾನು ರಾಮನಗರದಲ್ಲಿ ಒಬ್ಬ ಪತ್ರ ಬರಹಗಾರರ ಅಂಗಡಿಯಲ್ಲಿ ಟೈಪ್ ಮಾಡೋಳು. ಕ್ರಯಪತ್ರದಲ್ಲಿ ಪೂರ್ವ ಅನ್ನೋ ಕಡೆ ಪಶ್ಚಿಮ ಅಂತ ಬಿದ್ರೆ ಅಣ್ಣತಮ್ಮಂದಿರು ಕೋರ್ಟು ಹತ್ತುತ್ತಾರೆ. ಅಂಥವಳ ಮುಂದೆ ಒಸಿ, ಬೆಚ್ಚಗೆ ಅಂದ್ರೆ ಮೈ ಉರಿಯದೆ ಇನ್ನೇನಾಗುತ್ತೆ?

ಉರಿಯೋದಕ್ಕೆ ಕಾರಣವೂ ಇತ್ತು. ಹೋದ ಮಳೆಗಾಲದಲ್ಲಿ ನಮ್ಮ ಚಿಕ್ಕವನಿಗೆ, ಇನ್ನೂ ಎರಡು ತುಂಬಿರಲಿಲ್ಲ, ಜ್ವರ ಏರಿ ಫಿಟ್ಸ್ ಬಂತು. ಆವತ್ತು ಅತ್ತೆ ಊರಿಂದ ನಮ್ಮ ಮನೆಗೆ ಬಂದಿದ್ದರು. ಮಗು ಅವರ ಮಡಿಲಲ್ಲೇ ಇತ್ತು, ನಾನು ಅಡುಗೆಮನೆಯಲ್ಲಿ ಗಂಜಿ ಆರಿಸ್ತಾ ಇದ್ದೆ. ಅವರು ಕಿರುಚಿದ್ದು ಕೇಳಿ ಓಡಿಬಂದ್ರೆ, ಮಗೂನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿದೆ, ಕೈಕಾಲು ಸೆಟೆದಿವೆ, ತುಟಿ ನೀಲಿಯಾಗ್ತಿದೆ. ಆಟೋದಲ್ಲಿ ಆಸ್ಪತ್ರೆ ಮುಟ್ಟೋ ಹೊತ್ತಿಗೆ ಅವನು ಸರಿಹೋಗಿ ಅಳ್ತಾ ಇದ್ದ. 'ಕೆಲವು ಮಕ್ಕಳಿಗೆ ಈ ವಯಸ್ಸಲ್ಲಿ ಹೀಗಾಗುತ್ತಮ್ಮ, ಬೆಳೀತಾ ಹೋಗುತ್ತೆ. ಮತ್ತೊಂದ್ಸಲ ಬಂದ್ರೂ ಬರಬಹುದು, ಜ್ವರ ಬಂದಾಗ ಹುಷಾರಾಗಿರಿ' ಅಂದ್ರು ಡಾಕ್ಟ್ರು. ಅವರು ಹೇಳಿದ್ದರಲ್ಲಿ ಮುಕ್ಕಾಲು ಪಾಲು ಧೈರ್ಯದ ಮಾತೇ. ನನ್ನ ಕಿವಿಗೆ ಹೋಗಿದ್ದು ಮಾತ್ರ 'ಮತ್ತೊಂದ್ಸಲ' ಅನ್ನೋದು.

ಆಮೇಲೆ ಎಂಟೊಂಬತ್ತು ತಿಂಗಳು, ಹಗಲು ನಾನು ಅಂಗಡಿಯಲ್ಲಿರೋವಾಗ ಅತ್ತೆ ಆಗಾಗ ಬಂದು ನೋಡಿಕೊಂಡು ಫೋನಲ್ಲಿ ಸುದ್ದಿ ಹೇಳ್ತಿದ್ದರು, ರಾತ್ರಿ ಮಾತ್ರ ಅವನನ್ನ ಒಂದು ದಿನವೂ ಬಿಟ್ಟಿರಲಿಲ್ಲ. ಈ ಬೇಸಿಗೆ ರಜದಲ್ಲಿ ಅತ್ತೆ, 'ಎರಡನ್ನೂ ಒಂದು ವಾರ ಕಳಿಸವ್ವ, ನಾನೇನು ತಿಂದ್ಬುಡ್ತೀನಾ' ಅಂತ ಹಟ ಹಿಡಿದರು. ನನ್ನ ಗಂಡನೂ ಅವರ ಕಡೆಯೇ. ಐದು ವರ್ಷದ ಮಗಳಂತೂ ಆಗಲೇ ಬ್ಯಾಗು ತುಂಬಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಸರಿ, ಮೂರು ಜನರ ಮುಂದೆ ನನ್ನೊಬ್ಬಳ ಮಾತು ಎಲ್ಲಿ ನಡೆಯುತ್ತೆ?

ಅತ್ತೆಮನೆ ಕೂಟಗಲ್ಲಿನಿಂದ ಇನ್ನೊಂದಿಷ್ಟು ಒಳಕ್ಕೆ. ಅಲ್ಲಿ ಅತ್ತೆ, ಮಾವ ರೇಷ್ಮೆ ಹುಳ ಸಾಕ್ತಾರೆ. ಮಕ್ಕಳನ್ನ ಬಿಡೋಕೆ ಹೋದ ದಿನ ಸಿರಪ್ಪು ಯಾವಾಗ ಎಷ್ಟು ಅಂತ ಹತ್ತು ಸಲ ಒಪ್ಪಿಸಿದೆ. ಥರ್ಮಾಮೀಟರ್ ಕೈಗಿಟ್ಟು, 'ಇದನ್ನ ಓದೋದು ಹೀಗೆ' ಅಂತ ಪಾಠ ಶುರು ಮಾಡಿದೆ. ಅತ್ತೆ ಪಾಪ, ತಲೆ ಅಲ್ಲಾಡಿಸ್ತಾ ಕೇಳಿಸಿಕೊಂಡರು. ಹುಳದ ಮನೆ ಗೋಡೆಯಲ್ಲಿ ತೂಗುಹಾಕಿರೋ ಥರ್ಮಾಮೀಟರನ್ನ ಅವರು ಮೂವತ್ತು ವರ್ಷದಿಂದ ದಿನಕ್ಕೆ ನಾಲ್ಕು ಸಲ ನೋಡ್ತಾರೆ ಅನ್ನೋದು ನನ್ನ ತಲೆಗೇ ಬರಲಿಲ್ಲ.

ಮೂರು ದಿನ ಫೋನಲ್ಲಿ ಎಲ್ಲಾ ಚೆನ್ನಾಗಿತ್ತು. ನಾಲ್ಕನೇ ದಿನ ಬೆಳಗ್ಗೆ ಹನ್ನೊಂದರ ಹೊತ್ತಿಗೆ, ಅಂಗಡಿ ತುಂಬ ಜನ ಇರೋವಾಗ, ಅತ್ತೆಯ ಫೋನು ಬಂತು. ಆ ಊರಲ್ಲಿ ಸುತ್ತ ಬಂಡೆಗುಡ್ಡ, ನೆಟ್‌ವರ್ಕ್ ಬಂದ್ರೆ ಪುಣ್ಯ. ಮಾತು ತುಂಡುತುಂಡಾಗಿ ಕೇಳ್ತಿತ್ತು.

'ಜ್ವರ ಕಣವ್ವ... ನೆನ್ನೆ ಸಂಜೇಲೇ ಕುಂತ್ಕೊಂಡೊ... ಏನೂ ತಿಂತಿಲ್ಲ... ತಲೆ ಎತ್ಕೊಂಡು ಹಂಗೇ ಬಿದ್ದವೆ, ಅಲ್ಲಾಡಂಗಿಲ್ಲ... ಬಿರ್ರನೆ ತಕ್ಕೊಂಡು...'

ಕಟ್ಟಾಯ್ತು. ತಿರುಗಿ ಮಾಡಿದ್ರೆ ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಅಂತ ಆ ಹೆಂಗಸು ಹೇಳಿದ್ದನ್ನೇ ಹೇಳ್ತಾಳೆ. ಗಂಡ ಬಿಡದಿ ಕಡೆ ಫ್ಯಾಕ್ಟರಿಯಲ್ಲಿ ಶಿಫ್ಟಲ್ಲಿದ್ದ, ಅವನ ಫೋನು ಲಾಕರಲ್ಲಿ.

ಒಂದೇ ಒಂದು ಯೋಚನೆ ನನ್ನ ತಲೆಯಲ್ಲಿ. ಎಷ್ಟು ಕೇಳಿದ್ರೂ 'ಬೆಚ್ಚಗೈತೆ' ಬಿಟ್ಟು ಬೇರೆ ಅನ್ನದ ಹೆಂಗಸು ಇವತ್ತು ತಾನಾಗಿ ಬಾಯಿಬಿಟ್ಟು ಜ್ವರ ಅಂದಿದ್ದಾರೆ. ಅದೂ ಎರಡಕ್ಕೂ. ಹಾಗಾದ್ರೆ ಎಷ್ಟು ಏರಿರಬೇಕು!

ಅಂಗಡಿ ಯಜಮಾನರಿಗೆ ಏನು ಹೇಳಿದೆನೋ, ಅವರು 'ಹೋಗಮ್ಮ, ಹೋಗು ಮೊದಲು' ಅಂದಿದ್ದಷ್ಟೇ ನೆನಪು. ಮೆಡಿಕಲ್ ಸ್ಟೋರಿಂದ ಎರಡು ಬಾಟ್ಲಿ ಸಿರಪ್ಪು ಹಿಡಿದು ಸ್ಕೂಟರ್ ಹತ್ತಿದೆ. ದಾರಿಯುದ್ದಕ್ಕೂ ಅತ್ತೆಯನ್ನ ಬೈದೆ, ಗಂಡನನ್ನ ಬೈದೆ, ಅವರ ಮಾತಿಗೆ ಹೂಂಗುಟ್ಟಿದ ನನ್ನನ್ನ ಎಲ್ಲರಿಗಿಂತ ಜಾಸ್ತಿ ಬೈಕೊಂಡೆ. ನೆನ್ನೆ ಸಂಜೆಯಿಂದ ಜ್ವರ, ಇವತ್ತು ಹನ್ನೊಂದಕ್ಕೆ ಫೋನು! ನಡುವೆ ಕೆಂಗಲ್ ಆಂಜನೇಯನಿಗೆ ಎಲೆ ಹಾರದ ಹರಕೆಯನ್ನೂ ಕಟ್ಟಿಕೊಂಡೆ. ಕಣ್ಣೀರಿಗೆ ರಸ್ತೆ ಕಾಣ್ತಿರಲಿಲ್ಲ. ಆ ದಿನ ಎದುರಿಗೆ ಯಾವ ಲಾರಿಯೂ ಬರಲಿಲ್ಲ ಅನ್ನೋದೇ ದೊಡ್ಡದು.

ಮನೆ ಮುಂದೆ ಸದ್ದೇ ಇಲ್ಲ. ನಮ್ಮ ಮಕ್ಕಳಿರೋ ಮನೆ ಬೀದಿ ತುದಿಗೇ ಕೇಳ್ಬೇಕು, ಅಂಥದ್ದು ಒಂದು ಪಿಟ್ಟೂ ಇಲ್ಲ. ಪಡಸಾಲೆಯಲ್ಲಿ ಚಾಪೆ ಖಾಲಿ. ಹಿತ್ತಲಲ್ಲಿ ಹುಳದ ಮನೆ ಬಾಗಿಲು ಸ್ವಲ್ಪ ತೆಗೆದಿತ್ತು, ನುಗ್ಗಿದೆ.

'ಚಪ್ಲಿ! ಚಪ್ಲಿ! ಎಂಗೆ ನುಗ್ತಿಯವ್ವ, ಹೊರಗ್ ಬುಡು!' ಅಂತ ಒಳಗಿಂದ ಅತ್ತೆ ಪಿಸುದನಿಯಲ್ಲೇ ಗದರಿದರು.

ನನಗೆ ನೆತ್ತಿಗೇರಿತು. 'ಮಕ್ಕಳು ಜ್ವರದಲ್ಲಿ ಬಿದ್ದಿವೆ, ನಿಮಗೆ ಚಪ್ಪಲಿ ಚಿಂತೆಯಾ? ನೀವೇನು ಮನುಷ್ಯರಾ? ಎಲ್ಲಿ ನನ್ನ ಮಕ್ಕಳು?'

ಅಷ್ಟರಲ್ಲಿ ಹಿಂದಿಂದ ಯಾರೋ ಸೀರೆ ಜಗ್ಗಿದರು. ತಿರುಗಿ ನೋಡಿದೆ, ಚಿಕ್ಕವನು. ತುಟಿಯೆಲ್ಲ ನೀಲಿ. ಎತ್ತಿಕೊಂಡು ಓಡೋಕೆ ಬಗ್ಗಿದೆ. ಆಮೇಲೆ ಕಂಡಿತು, ಗಲ್ಲವೂ ನೀಲಿ, ಬನಿಯನ್ನೂ ನೀಲಿ, ಕೈತುಂಬ ಹಿಪ್ಪುನೇರಳೆ ಹಣ್ಣು. ತಾತನ ಜೊತೆ ಸೊಪ್ಪಿನ ತೋಟಕ್ಕೆ ಹೋಗಿ ಗಿಡಗಿಡ ಜಾಲಾಡಿ ತಿಂದು ಬಂದಿದ್ದ. ಅವನ ಹಿಂದೆ ಮಗಳು ಬೆರಳನ್ನ ತುಟಿಗಿಟ್ಟುಕೊಂಡು ನಿಂತಿದ್ದಳು.

'ಅಮ್ಮಾ, ಕೂಗ್ಬೇಡ. ಹುಳಕ್ಕೆ ಜ್ವರ. ಮಲಗವೆ.'

ನಾನು ಅಲ್ಲೇ ಬಾಗಿಲಲ್ಲಿ ಕೂತೆ. ನನಗೆ ಗೊತ್ತಿರಲಿಲ್ಲ ಅಂತಲ್ಲ. ಮದುವೆಯಾಗಿ ಬಂದ ವರ್ಷದಿಂದ ಕೇಳ್ತಿದ್ದೀನಿ. ಹುಳ ಪೊರೆ ಬಿಡೋ ಮುಂಚೆ ಮೇವು ಬಿಟ್ಟು, ತಲೆ ಎತ್ತಿಕೊಂಡು, ಒಂದು ದಿನ ಅಲ್ಲಾಡದೆ ಕೂರುತ್ತೆ. ಅದಕ್ಕೆ ಈ ಕಡೆ ಜ್ವರ ಅಂತಲೇ ಹೆಸರು. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು, ಸುಣ್ಣದ ಪುಡಿ ಉದುರಿಸಿ ಸುಮ್ಮನಿರಬೇಕು. ಇಂಥ ನಾಲ್ಕು ಜ್ವರ ಕಳೆದ ಮೇಲೆ ಗೂಡು. ಎಲ್ಲಾ ಗೊತ್ತಿತ್ತು, ಗೊತ್ತಿದ್ದದ್ದೆಲ್ಲ ಆ ಒಂದು ಮಾತಿಗೆ ಹಾರಿಹೋಗಿತ್ತು. ಹುಳವೂ 'ಅವು', ನಮ್ಮನೇಲಿ ಮಕ್ಕಳೂ 'ಅವು'. ನಾನಾದ್ರೂ ಏನು ಮಾಡಲಿ?

ಚಿಕ್ಕವನನ್ನ ಎಳೆದು ಅವುಚಿಕೊಂಡೆ. ಹಣೆ ಮುಟ್ಟಿದೆ, ಕತ್ತು ಮುಟ್ಟಿದೆ, ಅಂಗಾಲು ಮುಟ್ಟಿದೆ. ತಣ್ಣಗಿದ್ದ. ಅಬ್ಬಾ, ಎಷ್ಟು ತಣ್ಣಗಿದ್ದ! ಅವನು ಬಿಡಿಸಿಕೊಂಡು ಓಡಿದ. ನನಗೆ ನಗು, ಅಳು ಎರಡೂ ಒಟ್ಟಿಗೆ ಬಂತು.

ಅತ್ತೆ ಹೊರಗೆ ಬಂದು, 'ಸುಣ್ಣದ ಪುಡಿ ತಂದ್ಯಾ?' ಅಂದರು.

'ಏನು?'

'ಮುಗ್ದೋಗೈತೆ, ಬಿರ್ರನೆ ತಕ್ಕೊಂಡು ಬರಕ್ಕೆ ನಿನ್ ಗಂಡಂಗೇಳು ಅಂತ ತಾನೆ ಫೋನ್ ಮಾಡಿದ್ದು.'

ನಾನು ಬ್ಯಾಗಿಂದ ಎರಡು ಬಾಟ್ಲಿ ತೆಗೆದು ಮುಂದಿಟ್ಟೆ. ಅವುಗಳನ್ನ ನೋಡಿ, ನನ್ನ ಮುಖ ನೋಡಿ, ಅವರಿಗೆ ಮೆಲ್ಲಗೆ ಅರ್ಥವಾಯ್ತು. ಅಷ್ಟಕ್ಕೇ ಸುಮ್ಮನಿರಬಹುದಿತ್ತು ನಾನು. ಸೋತವರ ಬಾಯಿ ಜೋರು ಅಂತ ಸುಮ್ಮನೆ ಹೇಳ್ತಾರಾ? 'ಹುಳಕ್ಕೆ ಜ್ವರ ಅಂತ ಬಿಡಿಸಿ ಹೇಳೋಕೇನಾಗಿತ್ತು? ಮಗೂಗೆ ಬಂದಾಗ ಒಸಿ ಬೆಚ್ಚಗೆ ಅಂತ ತೇಲಿಸ್ತೀರಿ, ಹುಳಕ್ಕಾದ್ರೆ ಜ್ವರ ಅನ್ನೋಕೆ ಬಾಯಿ ಬರುತ್ತೆ!' ಅಂದುಬಿಟ್ಟೆ.

ಅತ್ತೆಗೆ ಸಿಟ್ಟು ಬರುತ್ತೆ ಅಂದುಕೊಂಡಿದ್ದೆ, ಬರಲಿಲ್ಲ. ನನ್ನ ಪಕ್ಕ ಬಂದು ಕೂತರು. ಕೈಯಲ್ಲಿದ್ದ ಸುಣ್ಣದ ಧೂಳನ್ನ ಸೆರಗಿಗೆ ಒರೆಸಿಕೊಳ್ತಾ ನಿಧಾನಕ್ಕೆ ಹೇಳಿದರು.

'ಆವತ್ತು ನನ್ ಮಡ್ಲಲ್ಲಿತ್ತಲ್ವ ಮಗ. ಹಣೆ ಮುಟ್ಟಿ, ಯಾಕೋ ಜ್ವರ ಬಂದೈತೆ ಅಂದೆ. ಅನ್ನೋಷ್ಟೊತ್ಗೇ ಕಣ್ಣು ಮೇಲಾಕ್ಬುಟ್ಟ. ನನ್ ಬಾಯ್ಗೆ ಮಣ್ಣಾಕ. ಅವತ್ತಿಂದ ಮಕ್ಳ ವಿಸ್ಯಕ್ಕೆ ಆ ಮಾತು ಆಡಿದ್ರೆ ಕೇಳು. ಅದನ್ನ ಹುಳಕ್ಕೆ ಬುಟ್ಬುಟ್ಟಿವ್ನಿ.'

ಎಂಟೊಂಬತ್ತು ತಿಂಗಳ ಫೋನು ಮಾತುಗಳನ್ನ ನಾನು ಅಲ್ಲೇ ಕೂತು ತಿರುವಿ ಹಾಕಿದೆ. ನೆಗಡಿ, ಕೆಮ್ಮು, ಭೇದಿ, ಎಲ್ಲದರ ಹೆಸರನ್ನೂ ಸರಿಯಾಗೇ ಹೇಳಿದ್ದಾರೆ. ಅದೊಂದನ್ನ ಹೇಳಿಲ್ಲ. ಇಷ್ಟು ದಿನ ಅದನ್ನ ನಾನು ಅಸಡ್ಡೆ ಅಂದುಕೊಂಡಿದ್ದೆ. ಕ್ಷಮಿಸಿ ಅತ್ತೆ ಅನ್ನೋಕೆ ನಾಲಿಗೆ ಹೊರಳಲಿಲ್ಲ, 'ಕೂಟಗಲ್ಲಲ್ಲಿ ಸುಣ್ಣ ಸಿಗುತ್ತಾ, ನಾನೇ ತರ್ತೀನಿ' ಅಂದೆ. ಅವರಿಗೆ ತಿಳೀತು. 'ಊಟ ಮಾಡ್ಕೊಂಡು ಹೋಗವ್ವ' ಅಂದರು. ಎಲೆ ಹಾರದ ಹರಕೆ ಕೇಳಿ, 'ತೀರಿಸ್ಲೇಬೇಕು, ಯಾರ್ ಜ್ವರ ಅಂತ ಅಂಜ್ನೇಯ ಕೇಳ್ತಾನಾ' ಅಂತ ನಕ್ಕರು. ಮುಂದಿನ ಶನಿವಾರ ಎಲ್ಲರೂ ಕೆಂಗಲ್ಲಿಗೆ ಹೋಗಿ ತೀರಿಸಿ ಬಂದೆವು. ಮಕ್ಕಳನ್ನ ಇನ್ನೊಂದು ವಾರ ಅಲ್ಲೇ ಬಿಟ್ಟೆ, ಯಾರೂ ಹಟ ಹಿಡಿಯಬೇಕಾಗಲಿಲ್ಲ.

ಶಾಲೆ ಶುರುವಾದ ಮೇಲೆ ಒಂದು ಭಾನುವಾರ ಚಿಕ್ಕವನು ಮಂಕಾಗಿ ಮಲಗಿದ್ದ. ಥರ್ಮಾಮೀಟರ್ ಇಟ್ಟೆ, ನೂರಾ ಒಂದು. ಸಿರಪ್ಪು ಕುಡಿಸಿದೆ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ ತೊಡೆ ಮೇಲೆ ಮಲಗಿಸಿಕೊಂಡೆ. ಅಷ್ಟೊತ್ತಿಗೆ ಅತ್ತೆಯ ಫೋನು. 'ಮಗ ಎಂಗವ್ನೆ?' ಅಂದರು. ಅಂಕಿ ಕಣ್ಣಮುಂದೇ ಇತ್ತು. ನೆಟ್ಟಗೆ ಹೇಳೋದನ್ನ ಅವರಿಗೆ ಕಲಿಸಹೊರಟವಳು ನಾನು. ಬಾಯಿ ತೆಗೆದೆ, ತೊಡೆ ಮೇಲಿನ ಮುಖ ನೋಡಿದೆ.

'ಒಸಿ ಮೈ ಬೆಚ್ಚಗೈತೆ ಅತ್ತೆ' ಅಂದೆ.

 

'ಬೆಚ್ಚಗೇ ತಾನೆ, ಇರ್ಲಿ ಬುಡು. ಸಂಜೆಗೆ ಬತ್ತೀನಿ' ಅಂದರು. ಅವರು ಬರೋ ಹೊತ್ತಿಗೆ ಅವನು ಎದ್ದು ಅಕ್ಕನ ಜೊತೆ ಜಗಳ ಆಡ್ತಿದ್ದ.